ದೀರ್ಘಕಾಲಿಕ ಹೆಪಟೈಟಿಸ್ ಬಿ ಮತ್ತು ಸಿ: ಹೊಸ ಔಷಧೋಪಚಾರಗಳು

ಹೆಪಟೈಟಿಸ್ ಎಂದರೆ ಯಕೃತ್ತಿನ ಉರಿಯೂತ. ಇದಕ್ಕೆ ಕಾರಣವಾಗುವ ವೈರಾಣುಗಳ ಪೈಕಿ ‘ಬಿ’ ಮತ್ತು ‘ಸಿ’ ಶರೀರದಲ್ಲಿ 6 ತಿಂಗಳಿಗೂ ಮೀರಿ ಉಳಿದಲ್ಲಿ ರೋಗವನ್ನು ದೀರ್ಘಕಾಲಿಕವೆಂದು ಪರಿಗಣಿಸಲಾಗುತ್ತದೆ. ಅನೇಕ ವರ್ಷಗಳ ಕಾಲ ಯಾವುದೇ ಲಕ್ಷಣ ತೋರದಿರುವ ಈ ಸೋಂಕು ಮುಂದೆ ಸಿರೋಸಿಸ್ ಅಥವಾ ಯಕೃತ್ತಿನ ಕ್ಯಾನ್ಸರ್‌ಗೆ ಎಡೆ ಮಾಡಿಕೊಡಬಹುದು. ಜನಸಾಮಾನ್ಯರು ಎರಡನ್ನೂ ‘ಕಾಮಾಲೆ’ ಎಂದೇ ಕರೆಯುವುದುಂಟು. ಆದರೆ ಚಿಕಿತ್ಸೆಯ ದೃಷ್ಟಿಯಿಂದ ಇವು ಸಂಪೂರ್ಣ ಭಿನ್ನವಾದುವು.

ಹೆಪಟೈಟಿಸ್ ಸಿ: 1990ರ ದಶಕದಿಂದ ಇಂಟರ್‌ಫೆರಾನ್ ಚುಚ್ಚುಮದ್ದನ್ನು, ಅನಂತರ ಅದರೊಂದಿಗೆ ರಿಬಾವಿರಿನ್ ಮಾತ್ರೆಯನ್ನು, 24ರಿಂದ 48 ವಾರಗಳವರೆಗೆ ನೀಡಲಾಗುತ್ತಿತ್ತು. ಜ್ವರ, ರಕ್ತಹೀನತೆ, ಖಿನ್ನತೆಗಳನ್ನು ತಾಳಲಾರದೆ ಚಿಕಿತ್ಸೆಯನ್ನು ಅರ್ಧಕ್ಕೇ ಕೈಬಿಟ್ಟವರು ಅನೇಕರು. ವೈರಾಣು ತನ್ನ ಪ್ರತಿಗಳನ್ನು ಮಾಡಿಕೊಳ್ಳಲು ಬೇಕಾದ ಕಿಣ್ವವನ್ನೇ ತಡೆಯುವ ಸೊಫಾಸ್ಬುವಿರ್ ಮಾತ್ರೆಗೆ 2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಅಲ್ಲಿ 12 ವಾರಗಳ ಔಷಧಕ್ಕೆ 84,000 ಡಾಲರ್, ಅಂದರೆ ದಿನದ ಒಂದು ಮಾತ್ರೆಗೆ 1,000 ಡಾಲರ್ ಬೆಲೆ ನಿಗದಿಯಾಗಿತ್ತು. 2014ರಲ್ಲಿ ಭಾರತೀಯ ಕಂಪನಿಗಳಿಗೆ ತಯಾರಿಕಾ ಪರವಾನಗಿ ದೊರೆತ ನಂತರ ಇಲ್ಲಿ ಬೆಲೆ ಗಣನೀಯವಾಗಿ ಇಳಿಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಹಾಗೂ ಔಷಧಗಳನ್ನು ಉಚಿತವಾಗಿ ಒದಗಿಸಲಾಗುತ್ತಿದೆ.

ಸೊಫಾಸ್ಬುವಿರ್ ಜೊತೆ ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಅನ್ನು ಸಾಮಾನ್ಯವಾಗಿ 12 ವಾರ ಸೇವಿಸಬೇಕಾಗುತ್ತದೆ. ಔಷಧ ಮುಗಿದ 12 ವಾರಗಳ ನಂತರವೂ ರಕ್ತದಲ್ಲಿ ವೈರಾಣು ಕಾಣದಿದ್ದರೆ ರೋಗ ಗುಣವಾಗಿದೆಯೆಂದು ಅರ್ಥ. ಬಹುಪಾಲು ರೋಗಿಗಳು ಗುಣಮುಖರಾಗುತ್ತಾರೆ. ಆದಾಗ್ಯೂ ಮರುಸೋಂಕು ತಗಲುವ ಸಾಧ್ಯತೆಯಿದೆ. ‘ಸಿ’ಗೆ ಲಸಿಕೆ ಇರುವುದಿಲ್ಲ.

ಹೆಪಟೈಟಿಸ್ ಬಿ: ಇದಕ್ಕೆ ಲಸಿಕೆ ಇದೆ, ಆದರೆ ದೀರ್ಘಕಾಲಿಕ ಸೋಂಕನ್ನು ಬುಡಸಮೇತ ಕೀಳುವ ಔಷಧ ಬಳಕೆಗೆ ಬಂದಿಲ್ಲ. ವೈರಾಣುವಿನ ಡಿಎನ್‌ಎ ಯಕೃತ್ತಿನ ಜೀವಕೋಶಗಳ ಕೇಂದ್ರದಲ್ಲಿ ಅಡಗಿ ಕುಳಿತಿರುವುದೇ ಇದಕ್ಕೆ ಕಾರಣ. ಟೆನೊಫೊವಿರ್ ಮತ್ತು ಎಂಟೆಕವಿರ್ ಮಾತ್ರೆಗಳು ವೈರಾಣುವನ್ನು ಹತೋಟಿಯಲ್ಲಿಡುತ್ತವೆಯಷ್ಟೆ. ವರದಿಯಲ್ಲಿ ವೈರಾಣು ಕಂಡುಬಂದಿಲ್ಲವೆಂದು ರೋಗಿಯು ತಾನಾಗಿಯೇ ಮಾತ್ರೆ ನಿಲ್ಲಿಸಿದಲ್ಲಿ ರೋಗ ಮರುಕಳಿಸಿ ಪ್ರಾಣಾಪಾಯ ಸಂಭವಿಸಬಹುದು. ವೈರಾಣುವಿನ ಆರ್‌ಎನ್‌ಎಯನ್ನು ನಾಶಪಡಿಸುವ ಬೆಪಿರೊವಿರ್ಸೆನ್ ಎಂಬ ಚುಚ್ಚುಮದ್ದಿನ ಮೂರನೇ ಹಂತದ ಪ್ರಯೋಗಗಳು 2023ರಲ್ಲಿ ಆರಂಭವಾದವು. ‘ಬಿ’ ಇದ್ದವರಿಗಷ್ಟೇ ತಗಲುವ ‘ಡಿ’ ಸೋಂಕಿಗೆ ಬುಲೆವಿರ್ಟೈಡ್ ಔಷಧವು 2020ರಲ್ಲಿ ಯೂರೋಪಿನಲ್ಲಿ ಷರತ್ತುಬದ್ಧ ಅನುಮೋದನೆ ಪಡೆಯಿತು.

ಗಮನಿಸಬೇಕಾದ ಅಂಶ: ‘ಸಿ’ ಚಿಕಿತ್ಸೆಯ ಅವಧಿಯಲ್ಲಿ ಸುಪ್ತವಾಗಿದ್ದ ‘ಬಿ’ ವೈರಾಣು ಮತ್ತೆ ಸಕ್ರಿಯವಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2016ರಲ್ಲಿ ಎಚ್ಚರಿಸಿದೆ. ಆದ್ದರಿಂದ ‘ಸಿ’ ಔಷಧ ಆರಂಭಿಸುವ ಮುನ್ನ ‘ಬಿ’ ಪರೀಕ್ಷೆ ಕಡ್ಡಾಯವಾಗಿ ಆಗಿರತಕ್ಕದ್ದು. ಕ್ಷಯರೋಗಕ್ಕೆ ರಿಫಾಂಪಿಸಿನ್ ಅಥವಾ ಹೃದ್ರೋಗಕ್ಕೆ ಅಮಿಯೊಡರೋನ್ ಸೇವಿಸುತ್ತಿರುವವರು ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.