ಹಳೆಯ ಪ್ರೋಗ್ರಾಮೆಬಲ್ ಕ್ಯಾಲ್ಕುಲೇಟರ್: ಮೆಮೊರಿ ಹಿಗ್ಗಿಸುವುದು ಹೇಗೆ?

ರಾಯಚೂರು: ಕಾಲುವೆಯ ನೀರು ಕೊನೆಯ ಭಾಗದ ಹೊಲಗಳನ್ನು ತಲುಪುವುದೇ ಎಂಬ ಪ್ರಶ್ನೆ ರಾಯಚೂರು ಜಿಲ್ಲೆಗೆ ಹೊಸದಲ್ಲ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆಯು ಗಂಗಾವತಿ, ಸಿಂಧನೂರು ಭಾಗಗಳನ್ನು ದಾಟಿದ ಬಳಿಕವೇ ಮಾನ್ವಿ ಮತ್ತು ರಾಯಚೂರು ತಾಲ್ಲೂಕುಗಳಿಗೆ ಬರುತ್ತದೆ. ದೇವದುರ್ಗಕ್ಕೆ ಕೃಷ್ಣಾ ನದಿಯ ನಾರಾಯಣಪುರ ಜಲಾಶಯದ ಬಲದಂಡೆ ಕಾಲುವೆ ಆಸರೆ. ಕಾಲುವೆಯ ಇಳಿಜಾರು ಎಷ್ಟು, ಅದರಲ್ಲಿ ಎಷ್ಟು ನೀರು ಹರಿದೀತು ಎಂಬ ಲೆಕ್ಕಕ್ಕೆ ಇಂದು ಲ್ಯಾಪ್‌ಟಾಪ್ ಹಾಗೂ ಮೊಬೈಲ್‌ಗಳಿವೆ. 1970 ಮತ್ತು 80ರ ದಶಕಗಳಲ್ಲಿ ಬಯಲಿನಲ್ಲಿ ನಿಂತು ಇಂತಹ ಲೆಕ್ಕ ಮಾಡಲು ಅಂಗೈಯಗಲದ ಯಂತ್ರವೊಂದು ಒದಗಿಬಂದಿತ್ತು. ಅದೇ ಪ್ರೋಗ್ರಾಮೆಬಲ್ ಕ್ಯಾಲ್ಕುಲೇಟರ್.

ಈ ಯಂತ್ರಗಳು ಈಗ ಹಳೆಯ ವಸ್ತುಗಳ ಸಾಲಿಗೆ ಸೇರಿವೆ. ಆದರೂ ಮನೆಯ ಕಪಾಟಿನಲ್ಲೋ ಸಂಗ್ರಾಹಕರ ಬಳಿಯಲ್ಲೋ ಉಳಿದಿರುವ ಅನೇಕ ಯಂತ್ರಗಳು ಇನ್ನೂ ಕೆಲಸ ಮಾಡುತ್ತವೆ. ಅವನ್ನು ಮತ್ತೆ ಕೈಗೆತ್ತಿಕೊಂಡವರಿಗೆ ಮೊದಲು ಎದುರಾಗುವ ತೊಡಕು ಮೆಮೊರಿಯ ಕೊರತೆ. ಅದನ್ನು ಹಿಗ್ಗಿಸುವ ಸೌಲಭ್ಯವನ್ನು ತಯಾರಕರೇ ಹಲವು ಮಾದರಿಗಳಲ್ಲಿ ಒದಗಿಸಿದ್ದರು. ಅದರ ವಿಧಾನ, ಮಿತಿ ಮತ್ತು ವಹಿಸಬೇಕಾದ ಎಚ್ಚರಗಳ ವಿವರ ಇಲ್ಲಿದೆ.

ಮೆಮೊರಿ ಎಂದರೆ ಏನು?

ಪ್ರೋಗ್ರಾಮೆಬಲ್ ಕ್ಯಾಲ್ಕುಲೇಟರ್ ಎರಡು ಬಗೆಯ ಸಂಗತಿಗಳನ್ನು ನೆನಪಿಡಬೇಕಾಗುತ್ತದೆ. ಒಂದು, ಲೆಕ್ಕವನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬ ಸೂಚನೆಗಳು. ಇವುಗಳಿಗೆ ಹೆಜ್ಜೆಗಳು ಎನ್ನಬಹುದು. ಇನ್ನೊಂದು, ಲೆಕ್ಕಕ್ಕೆ ಬೇಕಾದ ಸಂಖ್ಯೆಗಳು. ಇವು ಮೆಮೊರಿ ಕೋಶಗಳಲ್ಲಿ ಇರುತ್ತವೆ. ಹಲವು ಹಳೆಯ ಯಂತ್ರಗಳಲ್ಲಿ ಈ ಎರಡಕ್ಕೂ ಇರುವುದು ಒಂದೇ ಸಂಗ್ರಹ. ಆದ್ದರಿಂದ ‘ಮೆಮೊರಿ ಹಿಗ್ಗಿಸುವುದು’ ಎಂದರೆ ಹೊಸ ಜಾಗ ದೊರೆಯಿತೆಂದು ಅರ್ಥವಲ್ಲ. ಸೂಚನೆಗಳ ಪಾಲಿನಿಂದ ತೆಗೆದು ಸಂಖ್ಯೆಗಳ ಪಾಲಿಗೆ ಕೊಡಲಾಯಿತೆಂದಷ್ಟೇ ಅರ್ಥ. ಕಾಲುವೆಯ ಮೇಲ್ಭಾಗದಲ್ಲಿ ಹೆಚ್ಚು ನೀರು ತಿರುಗಿಸಿಕೊಂಡರೆ ಕೆಳಭಾಗಕ್ಕೆ ಅಷ್ಟು ಕಡಿಮೆಯಾಗುವಂತೆಯೇ ಇದು.

ಕ್ಯಾಸಿಯೊ: ಒಂದು ಕೋಶಕ್ಕೆ 8 ಹೆಜ್ಜೆ

1985ರಲ್ಲಿ ಬಂದ ಕ್ಯಾಸಿಯೊ ಎಫ್‌ಎಕ್ಸ್-7000ಜಿ ಜಗತ್ತಿನ ಮೊದಲ ಗ್ರಾಫಿಂಗ್ ಕ್ಯಾಲ್ಕುಲೇಟರ್ ಎಂದು ಹೆಸರಾಗಿದೆ. ಅದರಲ್ಲಿ 422 ಹೆಜ್ಜೆಗಳಿಗೆ ಅವಕಾಶವಿದ್ದು, ‘ಎ’ಯಿಂದ ‘ಝಡ್’ವರೆಗಿನ ಇಂಗ್ಲಿಷ್ ಅಕ್ಷರಗಳ ಹೆಸರಿನ 26 ಮೆಮೊರಿ ಕೋಶಗಳಿವೆ. ಇನ್ನಷ್ಟು ಕೋಶಗಳು ಬೇಕಾದರೆ ‘ಡೆಫ್‌ಎಂ’ ಎಂಬ ಸೌಲಭ್ಯವನ್ನು ಬಳಸಬೇಕು. ‘ಮೋಡ್’ ಕೀಲಿ ಒತ್ತಿ, ದಶಮಾಂಶ ಬಿಂದುವಿನ ಕೀಲಿ ಒತ್ತಿ, ಎಷ್ಟು ಹೆಚ್ಚುವರಿ ಕೋಶಗಳು ಬೇಕೋ ಆ ಸಂಖ್ಯೆಯನ್ನು ನಮೂದಿಸಿ, ಕೊನೆಗೆ ‘ಇಎಕ್ಸ್‌ಇ’ ಕೀಲಿ ಒತ್ತಿದರೆ ಕೆಲಸ ಮುಗಿಯಿತು. ಸಂಖ್ಯೆಯ ಜಾಗದಲ್ಲಿ ಸೊನ್ನೆ ನೀಡಿದರೆ ಯಂತ್ರವು ಮೊದಲಿನ 26 ಕೋಶಗಳಿಗೆ ಮರಳುತ್ತದೆ.

ಪ್ರತಿಯೊಂದು ಹೆಚ್ಚುವರಿ ಕೋಶಕ್ಕೆ ತೆರಬೇಕಾದ ಬೆಲೆ 8 ಹೆಜ್ಜೆಗಳು. 10 ಕೋಶ ಸೇರಿಸಿದರೆ ಒಟ್ಟು ಕೋಶಗಳು 36 ಆಗುತ್ತವೆ. ಹೆಜ್ಜೆಗಳು 342ಕ್ಕೆ ಇಳಿಯುತ್ತವೆ. ಗರಿಷ್ಠ 52 ಕೋಶಗಳನ್ನು ಸೇರಿಸಿ 78ರವರೆಗೆ ಹೋಗಬಹುದು. ಆಗ ಪ್ರೋಗ್ರಾಂಗೆ ಉಳಿಯುವುದು ಕೇವಲ 6 ಹೆಜ್ಜೆ. ಅದೇ ಕಂಪೆನಿಯ ಎಫ್‌ಎಕ್ಸ್-4000ಪಿ ಮಾದರಿಯಲ್ಲಿ 550 ಹೆಜ್ಜೆಗಳಿರುವುದರಿಂದ ಕೋಶಗಳನ್ನು 94ರವರೆಗೆ ಹಿಗ್ಗಿಸಬಹುದು. ಅಲ್ಲಿಯೂ ವಿನಿಮಯದ ದರ ಇದೇ.

ಹೊಸ ಕೋಶಗಳಿಗೆ ಝಡ್[1], ಝಡ್[2] ಎಂಬ ಕ್ರಮದಲ್ಲಿ ಹೆಸರು. ಚೌಕ ಆವರಣದೊಳಗೆ ಸಂಖ್ಯೆಯ ಬದಲು ‘ಐ’ಯಂತಹ ಅಕ್ಷರವನ್ನೂ ಇಡಬಹುದು. ‘ಐ’ಯ ಬೆಲೆಯನ್ನು ಒಂದೊಂದಾಗಿ ಹೆಚ್ಚಿಸುತ್ತ ಹೋದರೆ ಒಂದೇ ಸೂಚನೆಯಿಂದ ಹತ್ತಾರು ಕೋಶಗಳನ್ನು ಸಾಲಾಗಿ ತುಂಬಬಹುದು. ಈ ಸೌಲಭ್ಯದ ನಿಜವಾದ ಶಕ್ತಿ ಇರುವುದು ಇಲ್ಲಿಯೇ.

ಒಂದು ಅಪಾಯವನ್ನೂ ಗಮನಿಸಬೇಕು. ಎ[0] ಎಂದರೆ ‘ಎ’ ಕೋಶವೇ. ಎ[1] ಎಂದರೆ ‘ಬಿ’. ಎ[5] ಎಂದರೆ ‘ಎಫ್’. ಒಂದು ಪ್ರೋಗ್ರಾಂನಲ್ಲಿ ‘ಎಫ್’ ಕೋಶದಲ್ಲಿ ಒಂದು ಬೆಲೆಯನ್ನಿಟ್ಟು, ಬೇರೊಂದೆಡೆ ಎ[5]ರಲ್ಲಿ ಇನ್ನೊಂದನ್ನು ಬರೆದರೆ ಮೊದಲಿನದು ಸದ್ದಿಲ್ಲದೆ ಅಳಿಯುತ್ತದೆ. ಯಂತ್ರ ತಪ್ಪನ್ನು ತೋರಿಸದು; ಉತ್ತರ ಮಾತ್ರ ತಪ್ಪಾಗಿರುತ್ತದೆ. ಆದ್ದರಿಂದ ಪಟ್ಟಿಗಳಿಗೆ ‘ಝಡ್’ನ ಮುಂದಿನ ಕೋಶಗಳನ್ನೇ ಬಳಸುವುದು ಕ್ಷೇಮ. ಇನ್ನು, ಹಿಗ್ಗಿಸದೆಯೇ ಝಡ್[5]ನ್ನು ಕರೆದರೆ ಪರದೆಯ ಮೇಲೆ ಮೆಮೊರಿ ದೋಷದ ಸೂಚನೆ ಕಾಣಿಸುತ್ತದೆ.

ಮಾನ್ವಿಯ ಕಾಲುವೆ: ಒಂದು ಲೆಕ್ಕ

ಉದಾಹರಣೆಗೆ, ಮಾನ್ವಿ ಭಾಗದ ಒಂದು ವಿತರಣಾ ಕಾಲುವೆಯ ತಳದ ಮಟ್ಟವನ್ನು ಪ್ರತಿ 30 ಮೀಟರಿಗೆ ಒಂದರಂತೆ 40 ಕಡೆ ಅಳೆಯಬೇಕಾಗಿದೆ ಎಂದಿಟ್ಟುಕೊಳ್ಳೋಣ. ಇಳಿಜಾರು 4,000ಕ್ಕೆ 1 ಆಗಿದ್ದರೆ 30 ಮೀಟರಿಗೆ ತಳ ಇಳಿಯುವುದು ಏಳೂವರೆ ಮಿಲಿಮೀಟರ್ ಮಾತ್ರ. ಮೊದಲ ಬಿಂದುವಿನಿಂದ ಕೊನೆಯ ಬಿಂದುವಿಗೆ 1,170 ಮೀಟರ್ ದೂರ. ಒಟ್ಟು ಇಳಿತ ಸುಮಾರು 29 ಸೆಂಟಿಮೀಟರ್. ಇಷ್ಟು ಸಣ್ಣ ಅಂತರದ ಲೆಕ್ಕದಲ್ಲಿ ಒಂದು ಅಂಕಿ ಆಚೀಚೆಯಾದರೂ ಕಾಲುವೆಯ ತಳ ನಡುವೆ ಉಬ್ಬಿ ನೀರು ಹಿಂದಕ್ಕೆ ನಿಲ್ಲುವ ಭಯವಿರುತ್ತದೆ. ಆದ್ದರಿಂದ ಎಲ್ಲ 40 ಮಟ್ಟಗಳನ್ನೂ ಯಂತ್ರದಲ್ಲಿಯೇ ಇಟ್ಟುಕೊಂಡು ಒಂದಕ್ಕೊಂದು ಹೋಲಿಸುವುದು ಒಳಿತು.

26 ಕೋಶಗಳು ಇದಕ್ಕೆ ಸಾಲವು. 40 ಕೋಶಗಳನ್ನು ಸೇರಿಸಿದರೆ 320 ಹೆಜ್ಜೆಗಳು ವೆಚ್ಚವಾಗುತ್ತವೆ. ಎಫ್‌ಎಕ್ಸ್-7000ಜಿಯಲ್ಲಿ ಉಳಿಯುವುದು 102, ಎಫ್‌ಎಕ್ಸ್-4000ಪಿಯಲ್ಲಿ 230. ಉಪಕರಣದ ಎತ್ತರದಿಂದ ಸ್ಟಾಫ್ ಓದಿಕೆಯನ್ನು ಕಳೆದು, ಉತ್ತರವನ್ನು ಝಡ್[ಐ]ನಲ್ಲಿಟ್ಟು, ‘ಐ’ಗೆ ಒಂದನ್ನು ಕೂಡಿ ಮತ್ತೆ ಮೊದಲಿಗೆ ಮರಳುವ ಪ್ರೋಗ್ರಾಂ 102 ಹೆಜ್ಜೆಗಳಲ್ಲಿ ಆರಾಮವಾಗಿ ಹಿಡಿಯುತ್ತದೆ. ಆದರೆ ಅದೇ ಯಂತ್ರದಲ್ಲಿ ನೀರಿನ ಹರಿವಿನ ಲೆಕ್ಕವನ್ನೂ ಇಡಬೇಕೆಂದರೆ ಜಾಗ ಇಕ್ಕಟ್ಟಾಗುತ್ತದೆ.

ಹರಿವಿನ ಲೆಕ್ಕ ಏಕೆ ಮುಖ್ಯ ಎಂಬುದಕ್ಕೆ ಮ್ಯಾನಿಂಗ್ ಸೂತ್ರವೇ ಸಾಕ್ಷಿ. ತಳ 2 ಮೀಟರ್ ಅಗಲ, ನೀರಿನ ಆಳ 1 ಮೀಟರ್, ಬದಿಗಳ ಓರೆ ಒಂದಕ್ಕೆ ಒಂದೂವರೆ, ಇಳಿಜಾರು 4,000ಕ್ಕೆ 1 ಇರುವ ಮಣ್ಣಿನ ಕಾಲುವೆಯನ್ನು ತೆಗೆದುಕೊಳ್ಳೋಣ. ಒರಟುತನದ ಗುಣಾಂಕ 0.025 ಇದ್ದಾಗ ಅದರಲ್ಲಿ ಸೆಕೆಂಡಿಗೆ ಸುಮಾರು 57 ಘನ ಅಡಿ, ಅಂದರೆ 57 ಕ್ಯೂಸೆಕ್ ನೀರು ಹರಿಯುತ್ತದೆ. ಅದೇ ಕಾಲುವೆಯಲ್ಲಿ ಹುಲ್ಲು, ಕಳೆ ಬೆಳೆದು ಗುಣಾಂಕ 0.035ಕ್ಕೆ ಏರಿದರೆ ಹರಿವು ಸುಮಾರು 41 ಕ್ಯೂಸೆಕ್‌ಗೆ ಕುಸಿಯುತ್ತದೆ. ಕಾಲುವೆಯ ಅಗಲ, ಆಳ, ಇಳಿಜಾರುಗಳಲ್ಲಿ ಯಾವ ಬದಲಾವಣೆಯೂ ಇಲ್ಲ. ಆದರೂ ಕಾಲುಭಾಗಕ್ಕಿಂತ ಹೆಚ್ಚು ನೀರು ಕಡಿಮೆ. ಕೊನೆ ಭಾಗದ ರೈತನ ಪಾಲಿಗೆ ಈ ವ್ಯತ್ಯಾಸವೇ ಬೆಳೆ ಕೈಗೆ ಬರುವುದೋ ಇಲ್ಲವೋ ಎಂಬುದನ್ನು ನಿರ್ಧರಿಸಬಲ್ಲದು.

ಒಂದೇ ಕೋಶದಲ್ಲಿ ಎರಡು ಸಂಖ್ಯೆ

ಹೆಜ್ಜೆಗಳನ್ನು ಬಿಟ್ಟುಕೊಡದೆ ಕೋಶಗಳನ್ನು ಉಳಿಸುವ ಉಪಾಯವೂ ಇದೆ. ಸ್ಟಾಫ್ ಓದಿಕೆಗಳು 1.435 ಮತ್ತು 1.520 ಮೀಟರ್ ಎಂದಿರಲಿ. ಎರಡನ್ನೂ ಮಿಲಿಮೀಟರಿಗೆ ತಿರುಗಿಸಿ 1435.1520 ಎಂದು ಒಂದೇ ಸಂಖ್ಯೆಯಾಗಿ ಇಡಬಹುದು. ಬೇಕೆಂದಾಗ ಪೂರ್ಣಾಂಕ ಭಾಗವನ್ನು ತೆಗೆಯುವ ಕೀಲಿಯಿಂದ 1435 ದೊರೆಯುತ್ತದೆ. ದಶಮಾಂಶ ಭಾಗವನ್ನು ತೆಗೆದು 10,000ದಿಂದ ಗುಣಿಸಿದರೆ 1520 ಸಿಗುತ್ತದೆ. ಹೀಗೆ 40 ಓದಿಕೆಗಳಿಗೆ 20 ಕೋಶಗಳೇ ಸಾಕಾಗಿ, ಎಫ್‌ಎಕ್ಸ್-7000ಜಿಯಲ್ಲಿ 262 ಹೆಜ್ಜೆಗಳು ಪ್ರೋಗ್ರಾಂಗೆ ಉಳಿಯುತ್ತವೆ. ಸಂಖ್ಯೆಗಳನ್ನು ಕೂಡಿಸಿ ಬಿಡಿಸುವುದಕ್ಕೆ ಕೆಲವು ಹೆಜ್ಜೆಗಳು ಖರ್ಚಾದರೂ ಒಟ್ಟಿನಲ್ಲಿ ಲಾಭವೇ.

ಟಿಐ-59 ಮತ್ತು ಎಚ್‌ಪಿ-41ಸಿ

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ 1977ರಲ್ಲಿ ಹೊರತಂದ ಟಿಐ-59ರಲ್ಲಿಯೂ ಹಂಚಿಕೆಯ ತತ್ವವೇ ಇದೆ. ಯಂತ್ರವನ್ನು ಚಾಲೂ ಮಾಡಿದಾಗ 480 ಹೆಜ್ಜೆ, 60 ಕೋಶ ಇರುತ್ತವೆ. ಹತ್ತು ಕೋಶಗಳ ಗುಂಪು ಎಷ್ಟು ಬೇಕೆಂಬುದನ್ನು ನಮೂದಿಸಿ ‘ಸೆಕೆಂಡ್’, ‘ಒಪಿ’, 17 ಎಂದು ಒತ್ತಿದರೆ ಪಾಲು ಬದಲಾಗುತ್ತದೆ. 10 ನಮೂದಿಸಿದರೆ 100 ಕೋಶಗಳು ದೊರೆತು ಹೆಜ್ಜೆಗಳು 160ಕ್ಕೆ ಇಳಿಯುತ್ತವೆ. ಪರದೆಯ ಮೇಲೆ 159.99 ಎಂದು ಕಾಣುತ್ತದೆ. ಎಣಿಕೆ ಸೊನ್ನೆಯಿಂದ ಆರಂಭವಾಗುವುದೇ ಇದಕ್ಕೆ ಕಾರಣ. ಈ ಯಂತ್ರವನ್ನು ಆರಿಸಿದರೆ ಒಳಗಿರುವುದೆಲ್ಲವೂ ಅಳಿಯುತ್ತದೆ. ಆದ್ದರಿಂದ ಪ್ರೋಗ್ರಾಂಗಳನ್ನು ಪುಟ್ಟ ಮ್ಯಾಗ್ನೆಟಿಕ್ ಕಾರ್ಡ್‌ಗಳಲ್ಲಿ ಉಳಿಸಬೇಕು. ಕಾರ್ಡ್ ಬರೆದಾಗ ಇದ್ದ ಹಂಚಿಕೆಯನ್ನೇ ಓದುವಾಗಲೂ ಇಟ್ಟಿರಬೇಕು.

ನಿಜವಾದ ಅರ್ಥದಲ್ಲಿ ಹೊಸ ಮೆಮೊರಿ ಸೇರಿಸಲು ಅವಕಾಶ ಕೊಟ್ಟದ್ದು ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿಯ 1979ರ ಎಚ್‌ಪಿ-41ಸಿ. ಅದರಲ್ಲಿ ಮೂಲತಃ 63 ರಿಜಿಸ್ಟರ್‌ಗಳಿವೆ. ಒಂದೊಂದೂ 7 ಬೈಟ್. ಸಂಖ್ಯೆಗಳಿಗೆ ಎಷ್ಟು, ಪ್ರೋಗ್ರಾಂಗೆ ಎಷ್ಟು ಎಂಬುದನ್ನು ‘ಸೈಜ್’ ಆಜ್ಞೆಯಿಂದ ನಿಗದಿಪಡಿಸಬೇಕು. ಸಂಖ್ಯೆಗಳಿಗೆ 50 ಕೊಟ್ಟರೆ ಪ್ರೋಗ್ರಾಂಗೆ 13 ರಿಜಿಸ್ಟರ್, ಅಂದರೆ 91 ಬೈಟ್ ಉಳಿಯುತ್ತದೆ. ಯಂತ್ರದ ಮೇಲ್ತುದಿಯಲ್ಲಿರುವ ನಾಲ್ಕು ಕಿಂಡಿಗಳ ಪೈಕಿ ಒಂದರಲ್ಲಿ 64 ರಿಜಿಸ್ಟರ್‌ಗಳ ಮಾಡ್ಯೂಲ್ ಸಿಕ್ಕಿಸಿದರೆ ಆ 91 ಬೈಟ್ 539ಕ್ಕೆ ಏರುತ್ತದೆ. ನಾಲ್ಕು ಮಾಡ್ಯೂಲ್‌ಗಳಿಂದ ಒಟ್ಟು 319 ರಿಜಿಸ್ಟರ್‌ಗಳಾಗುತ್ತವೆ. ಆದರೆ ಆಗ ಕಿಂಡಿಗಳೆಲ್ಲವೂ ಭರ್ತಿ. ನಾಲ್ಕರ ಸಾಮರ್ಥ್ಯವನ್ನೂ ಒಂದರಲ್ಲೇ ಅಡಕಗೊಳಿಸಿದ ಮಾಡ್ಯೂಲ್ ಮುಂದೆ ಬಂದಿತು. ಎಚ್‌ಪಿ-41ಸಿವಿ ಮಾದರಿಯಲ್ಲಿ ಈ 319 ರಿಜಿಸ್ಟರ್‌ಗಳು ಒಳಗೇ ಇರುತ್ತವೆ. ಅಮೆರಿಕದ ಬಾಹ್ಯಾಕಾಶ ನೌಕೆಗಳಲ್ಲಿ ಗಗನಯಾತ್ರಿಗಳು ಒಯ್ದ ಕ್ಯಾಲ್ಕುಲೇಟರ್ ಇದೇ ಸರಣಿಯದು.

ಎಲ್ಲ ಹಳೆಯ ಮಾದರಿಗಳಿಗೂ ಈ ಸೌಲಭ್ಯ ಇಲ್ಲವೆಂಬುದು ಗಮನಾರ್ಹ. ಕ್ಯಾಸಿಯೊ ಎಫ್‌ಎಕ್ಸ್-3600ಪಿಯಲ್ಲಿ 38 ಹೆಜ್ಜೆ ಹಾಗೂ 7 ಕೋಶಗಳಿದ್ದು, ಅವನ್ನು ಹಿಗ್ಗಿಸಲಾಗದು.

ವಹಿಸಬೇಕಾದ ಎಚ್ಚರಗಳು

* ಹಂಚಿಕೆ ಬದಲಿಸುವ ಮುನ್ನ ಯಂತ್ರದೊಳಗಿನ ಪ್ರೋಗ್ರಾಂ ಹಾಗೂ ಸಂಖ್ಯೆಗಳನ್ನು ಹೆಜ್ಜೆ ಹೆಜ್ಜೆಯಾಗಿ ಕಾಗದದಲ್ಲಿ ಬರೆದುಕೊಳ್ಳಬೇಕು. ಹಿಗ್ಗಿಸಿದ ಕೋಶಗಳನ್ನು ಮತ್ತೆ ಕುಗ್ಗಿಸಿದರೆ ಅವುಗಳಲ್ಲಿದ್ದ ಸಂಖ್ಯೆಗಳು ಕೈತಪ್ಪುತ್ತವೆ.

* ಬ್ಯಾಟರಿ ಬದಲಿಸುವ ಮುನ್ನವೂ ಇದೇ ನಿಯಮ. ಎಫ್‌ಎಕ್ಸ್-7000ಜಿಗೆ ಸಿಆರ್2032 ಬಗೆಯ ಮೂರು ಬಟನ್ ಸೆಲ್‌ಗಳು ಬೇಕು. ಎಚ್‌ಪಿ-41ಸಿಗೆ ‘ಎನ್’ ಗಾತ್ರದ ನಾಲ್ಕು ಸೆಲ್‌ಗಳು ಬೇಕು. ಸೆಲ್‌ಗಳು ಪೂರ್ತಿ ಕುಂದಿದರೆ ಮೆಮೊರಿಯೂ ಬರಿದಾಗುತ್ತದೆ.

* ಎಚ್‌ಪಿ ಯಂತ್ರಕ್ಕೆ ಮಾಡ್ಯೂಲ್ ಸಿಕ್ಕಿಸುವಾಗ, ತೆಗೆಯುವಾಗ ಅದನ್ನು ಆರಿಸಿರಬೇಕು.

* ಬಳಸದೆ ಎತ್ತಿಡುವ ಯಂತ್ರದಲ್ಲಿ ಸೆಲ್‌ಗಳನ್ನು ಬಿಡಬಾರದು. ಸೋರಿದ ರಸಾಯನವು ಲೋಹದ ಪಟ್ಟಿಗಳನ್ನು ತಿಂದುಹಾಕುತ್ತದೆ.

* ಹೊಸ ಹಂಚಿಕೆಯ ನಂತರ, ಉತ್ತರ ಮೊದಲೇ ಗೊತ್ತಿರುವ ಒಂದು ಲೆಕ್ಕವನ್ನು ಮಾಡಿಸಿ ಪರೀಕ್ಷಿಸಬೇಕು. ಮೇಲಿನ 57 ಕ್ಯೂಸೆಕ್‌ನ ಲೆಕ್ಕವನ್ನೇ ಇದಕ್ಕೆ ಬಳಸಿಕೊಳ್ಳಬಹುದು.

ಇಂತಹ ಯಂತ್ರ ಕೈಯಲ್ಲಿಲ್ಲದವರು ಹ್ಯೂಲೆಟ್-ಪ್ಯಾಕರ್ಡ್ ಮಾದರಿಗಳನ್ನು ಅನುಕರಿಸುವ ತಂತ್ರಾಂಶಗಳನ್ನು ಮೊಬೈಲ್‌ನಲ್ಲಿ ಬಳಸಬಹುದು. ಅವುಗಳಲ್ಲಿ ಜಾಗದ ಕೊರತೆ ಕಾಡುವುದಿಲ್ಲ. ಆದರೆ ಹಳೆಯ ಯಂತ್ರವೊಂದರಲ್ಲಿ ಯಾರೋ ವರ್ಷಗಳ ಹಿಂದೆ ಬರೆದಿಟ್ಟ ಪ್ರೋಗ್ರಾಂ ಇನ್ನೂ ಉಳಿದಿದ್ದರೆ, ಅದು ಸೆಲ್‌ಗಳಲ್ಲಿ ಶಕ್ತಿ ಇರುವವರೆಗೆ ಮಾತ್ರ. ಆದ್ದರಿಂದ ಮೆಮೊರಿ ಹಿಗ್ಗಿಸಲು ಹೊರಡುವವರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಪೆನ್ನು ಮತ್ತು ನೋಟ್‌ಬುಕ್.