ಎರೆ, ಮಸಾರಿ, ಕಾಲುವೆ: ಕೊಪ್ಪಳ ಸೀಮೆಯ ತೋಳ ಮತ್ತು ಕುರಿಹಿಂಡು

ಒಂದು ಸೀಮೆಯ ಪ್ರಾಣಿಸಂಖ್ಯೆಯು ಹುಟ್ಟುಸಾವುಗಳಿಂದಷ್ಟೇ ನಿರ್ಧಾರವಾಗುವುದಿಲ್ಲ. ಮೇವು, ನೀರು, ಅಡಗುದಾಣ ಹಾಗೂ ಮನುಷ್ಯನ ಭೂಬಳಕೆ ಅದರ ಮಿತಿಯನ್ನು ಗೊತ್ತುಪಡಿಸುತ್ತವೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನವಾಗಿದೆ. ಗಂಗಾವತಿ ಸಮೀಪದ ಹಿರೇಬೆಣಕಲ್ಲಿನ ಬಂಡೆಚಿತ್ರಗಳಲ್ಲಿ ಪ್ರಾಣಿಗಳೂ ಬೇಟೆಯ ದೃಶ್ಯಗಳೂ ಇರುವುದರಿಂದ ಇಲ್ಲಿನ ಮನುಷ್ಯ-ಪ್ರಾಣಿ ಸಂಬಂಧದ ಪ್ರಾಚೀನತೆ ಸ್ಪಷ್ಟವಾಗುತ್ತದೆ.

ಯಲಬುರ್ಗಾ, ಕುಷ್ಟಗಿಗಳ ಎರೆ ಮತ್ತು ಮಸಾರಿ ನೆಲಗಳು ಬಹುಪಾಲು ಮಳೆಯಾಶ್ರಿತ. ಕೊಯ್ಲಾದ ಹೊಲ, ಬೀಳುಭೂಮಿ, ಗೋಮಾಳಗಳೇ ಕುರುಬರ ಹಿಂಡುಗಳಿಗೆ ಆಧಾರ. ಹಾಲುಮತ ಪುರಾಣದಲ್ಲಿ ಕುರಿಗಳು ಹುತ್ತದಿಂದ ಹೊರಬರುತ್ತವೆ. ನೆಲದ ಒಡಲಿನಿಂದಲೇ ಹಿಂಡು ಹುಟ್ಟಿತೆಂಬ ಈ ಕಲ್ಪನೆಯಲ್ಲಿ ಹಿಂಡಿಗೂ ನೆಲಕ್ಕೂ ಇರುವ ನಂಟನ್ನು ಗುರುತಿಸಬಹುದು. ಬೇಟೆಯಿಂದಲೂ ಬೇಸಾಯದ ವಿಸ್ತರಣೆಯಿಂದಲೂ ದಖ್ಖನ್ನಿನ ಬಯಲಿನಲ್ಲಿ ಕೃಷ್ಣಮೃಗಗಳು ವಿರಳವಾದಂತೆ, ತೋಳವು ಕುರಿ-ಮೇಕೆಗಳನ್ನೇ ಹೆಚ್ಚಾಗಿ ಅವಲಂಬಿಸಿತು. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆ ಜನರ ಹಗೆಯನ್ನು ಹೇಳುತ್ತದೆ. ಆದರೆ ಹಗೆಯ ಆಚೆಗೂ ಒಂದು ಸಂಬಂಧವಿದೆ: ಕುರಿಯೂ ತೋಳವೂ ಬದುಕುವುದು ಅದೇ ಹುಲ್ಲಿನ ನೆಲದ ಮೇಲೆ.

ಈ ನೆಲದ ಸ್ವರೂಪವನ್ನು ಬದಲಿಸಿದ್ದು ತುಂಗಭದ್ರಾ ಯೋಜನೆ. ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯಗಳು 1945ರಲ್ಲಿ ಕೈಗೊಂಡ ಕಾಮಗಾರಿ 1953ರಲ್ಲಿ ಫಲ ನೀಡಿತು. ಎಡದಂಡೆ ಕಾಲುವೆ ಹರಿದ ಗಂಗಾವತಿ ಭತ್ತದ ಕಣಜವಾಯಿತು. ಗದ್ದೆಯಾದ ನೆಲದಲ್ಲಿ ಹಿಂಡು ಮೇಯುವ ಅವಧಿ ಕುಗ್ಗಿತು. ತೋಳಕ್ಕೆ ಮರಿ ಅಡಗಿಸುವ ಕುರುಚಲು ಉಳಿಯಲಿಲ್ಲ. ನದಿಯಲ್ಲಿನ ಜೀವಗಳ ಸಂಕಟ ಬೇರೆ ಬಗೆಯದು. ಮೀನನ್ನೇ ನಂಬಿದ ನೀರುನಾಯಿಗಳಿಗಾಗಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದೀಪಾತ್ರವನ್ನು 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಸಿಡಿಮದ್ದು ಹಾಕಿ ಮೀನು ಹಿಡಿಯುವ ಪದ್ಧತಿ ಅವುಗಳ ಆಹಾರಕ್ಕೇ ಕುತ್ತಾಗಿದೆ.

ತೋಳವು ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕೈದು ಮರಿ ಹಾಕುತ್ತದೆ. ಆದ್ದರಿಂದ ಅದರ ಸಂಖ್ಯೆ ಏರುವುದು ಜನನದಿಂದಲ್ಲ, ಮರಿಗಳ ಉಳಿವಿನಿಂದ. ಗವಿಗಳ ನಾಶ, ಬೀದಿನಾಯಿಗಳಿಂದ ಹರಡುವ ರೋಗ, ಕುರಿ ಕಳೆದುಕೊಂಡವರ ಪ್ರತೀಕಾರ ಇವೆಲ್ಲ ಉಳಿವಿಗೆ ತೊಡಕಾಗಿವೆ. 1972ರ ವನ್ಯಜೀವಿ ಕಾಯ್ದೆ ತೋಳಕ್ಕೆ ರಕ್ಷಣೆ ನೀಡಿದೆ. 2020ರ ದಶಕದಲ್ಲಿ ಗಂಗಾವತಿ ಭಾಗದ ಬಂಕಾಪುರದ ಸುಮಾರು 332 ಹೆಕ್ಟೇರ್ ಪ್ರದೇಶ ತೋಳಧಾಮವೆನಿಸಿದೆ. ಇದು ಮಹತ್ವದ ಹೆಜ್ಜೆ. ಆದರೂ 332 ಹೆಕ್ಟೇರೆಂದರೆ ಮೂರೂಕಾಲು ಚದರ ಕಿ.ಮೀ.ಗಿಂತ ತುಸು ಹೆಚ್ಚು ಮಾತ್ರ. ಒಂದು ತೋಳದ ಗುಂಪಿನ ಸಂಚಾರಕ್ಷೇತ್ರ ಇದರ ಹತ್ತಾರು ಪಟ್ಟು ವಿಸ್ತಾರವಾದುದು. ಹೀಗಾಗಿ ಧಾಮದ ತೋಳಗಳ ಭವಿಷ್ಯವು ಧಾಮದ ಹೊರಗಿನ ಬೀಳು, ಗೋಮಾಳ ಮತ್ತು ಕುರಿಹಿಂಡುಗಳನ್ನು ಅವಲಂಬಿಸಿದೆ.

ಕುರಿ ಕಳೆದುಕೊಂಡ ಕುರುಬನಿಗೆ ಸಕಾಲದಲ್ಲಿ ಪರಿಹಾರ ದೊರೆಯುವುದೂ ಗೋಮಾಳ ಗೋಮಾಳವಾಗಿಯೇ ಉಳಿಯುವುದೂ ತೋಳಸಂರಕ್ಷಣೆಯ ಭಾಗವೇ ಆಗಿವೆ. ಬಂಜರೆಂದು ಕಡತಗಳಲ್ಲಿ ದಾಖಲಾದ ಭೂಮಿ ಜೀವಸಮುದಾಯದ ದೃಷ್ಟಿಯಲ್ಲಿ ಬಂಜರಲ್ಲ ಎಂಬುದನ್ನು ಈ ಸೀಮೆಯ ಚರಿತ್ರೆ ಮನಗಾಣಿಸುತ್ತದೆ.