ನಾಳೆ, ನಾಡಿದ್ದು, ಎಂಟು ದಿನ: ಸಾಪೇಕ್ಷ ಕಾಲಸೂಚಿಯ ಚರಿತ್ರೆ ಮತ್ತು ಗಣಕ ದಾಖಲೀಕರಣದ ತೊಡಕುಗಳು

ಕಾಲವನ್ನು ಸೂಚಿಸುವ ಮಾತುಗಳಲ್ಲಿ ಎರಡು ಬಗೆಗಳನ್ನು ಗುರುತಿಸಬಹುದು. ವರ್ಷ, ಮಾಸ, ತಿಥಿ, ವಾರಗಳಿಂದ ಗೊತ್ತುಪಡುವ ನಿರಪೇಕ್ಷ ಕಾಲ ಒಂದು. ನಿನ್ನೆ, ಮೊನ್ನೆ, ನಾಳೆ, ನಾಡಿದ್ದು ಎಂಬಂತೆ ಆಡುವವರು ನಿಂತ ದಿನದಿಂದ ಅಳೆಯಬೇಕಾದ ಸಾಪೇಕ್ಷ ಕಾಲ ಮತ್ತೊಂದು. ಜನಪದರ ನಿತ್ಯದ ಮಾತಿನಲ್ಲಿ ಎರಡನೆಯದೇ ಪ್ರಧಾನ. ಕ್ಷೇತ್ರಕಾರ್ಯದ ಧ್ವನಿಮುದ್ರಣಗಳನ್ನು ಗಣಕದಲ್ಲಿ ದಾಖಲಿಸುವಾಗ ಈ ಮಾತುಗಳನ್ನು ದಿನಾಂಕಗಳಾಗಿ ಪರಿವರ್ತಿಸುವ ಅಗತ್ಯ ಬೀಳುತ್ತದೆ. ಪರಿವರ್ತನೆ ತಪ್ಪಿದರೆ ಹಾಡುಗಾರರ ಸಾಕ್ಷ್ಯವೇ ತಪ್ಪಾಗಿ ಉಳಿಯುತ್ತದೆ. ಅದನ್ನು ತಿದ್ದಲು ಮುಂದಿನ ಸಂಶೋಧಕರಿಗೆ ಯಾವ ಆಧಾರವೂ ಸಿಗುವುದಿಲ್ಲ. ಸಾಪೇಕ್ಷ ಕಾಲಸೂಚಿಯ ಚರಿತ್ರೆಯನ್ನು ಸಂಗ್ರಹವಾಗಿ ನೋಡಿ, ಪಠ್ಯ ಸಂಪಾದಕ ತಂತ್ರಾಂಶವೊಂದರಲ್ಲಿ ಅದನ್ನು ನಮೂದಿಸುವಾಗ ಉಂಟಾಗುವ ದೋಷಗಳ ಮೂಲವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಶಾಸನಗಳ ಸಾಕ್ಷ್ಯ

ಸಾಪೇಕ್ಷ ಗಣನೆ ಕೇವಲ ಮೌಖಿಕ ಪರಂಪರೆಗೆ ಸೇರಿದ್ದೆಂದು ಭಾವಿಸಬೇಕಾಗಿಲ್ಲ. ಅರಸನ ಆಳ್ವಿಕೆಯ ಇಂತಿಷ್ಟನೆಯ ವರ್ಷ ಎಂದು ಹೇಳುವ ಶಾಸನವೂ ಒಂದು ಆಧಾರ ಬಿಂದುವಿನಿಂದ ಕಾಲವನ್ನು ಅಳೆಯುತ್ತದೆ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಳೇಶನ ಸಂಸ್ಕೃತ ಶಾಸನ (ಕ್ರಿ.ಶ. 578) ಇಲ್ಲಿ ಗಮನಾರ್ಹ. ಅದು ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷವನ್ನೂ ಶಕವರ್ಷ 500 ಕಳೆದುದನ್ನೂ ಒಟ್ಟಿಗೆ ಹೇಳುತ್ತದೆ. ಆಳ್ವಿಕೆಯ ವರ್ಷ ನಡೆಯುತ್ತಿರುವುದು, ಶಕವರ್ಷ ಗತಿಸಿದ್ದು. ಹನ್ನೆರಡನೆಯ ವರ್ಷ ನಡೆಯುತ್ತಿದೆಯೆಂದರೆ ಪೂರ್ಣವಾಗಿ ಕಳೆದಿರುವುದು ಹನ್ನೊಂದು ವರ್ಷ ಮಾತ್ರ. ಆದ್ದರಿಂದಲೇ ಕೀರ್ತಿವರ್ಮನ ಆಳ್ವಿಕೆಯ ಆರಂಭವನ್ನು 566-67ಕ್ಕೆ ಇಡಲಾಗಿದೆ. ಆಧಾರ ಬಿಂದು ಯಾವುದು, ಎಣಿಕೆಯಲ್ಲಿ ಆ ಬಿಂದು ಸೇರುತ್ತದೆಯೇ ಎಂಬ ಎರಡು ಪ್ರಶ್ನೆಗಳು ಶಾಸನತಜ್ಞರಿಗೆ ಹಳೆಯವು. ಗಣಕದ ಮುಂದೆ ಕುಳಿತವರಿಗೂ ಎದುರಾಗುವುದು ಇವೇ ಪ್ರಶ್ನೆಗಳು.

2. ಜನಪದರ ಎಣಿಕೆ

ಕನ್ನಡದಲ್ಲಿ ಹಿಂದಕ್ಕೆ ನಿನ್ನೆ, ಮೊನ್ನೆ, ಆಚೆ ಮೊನ್ನೆ; ಮುಂದಕ್ಕೆ ನಾಳೆ, ನಾಡಿದ್ದು, ಆಚೆ ನಾಡಿದ್ದು ಎಂಬ ಪದಗಳಿವೆ. ಹಿಂದಿಯ 'ಕಲ್' ಎಂಬ ಪದ ನಿನ್ನೆಗೂ ನಾಳೆಗೂ ಸಲ್ಲುತ್ತದೆ. ಕನ್ನಡದಲ್ಲಿ ದಿಕ್ಕಿನ ಗೊಂದಲವಿಲ್ಲ. ಆದರೆ ಅಳತೆಯ ಸಡಿಲಿಕೆ ಇದೆ. 'ಮೊನ್ನೆ' ಎಂಬುದು ಎರಡು ದಿನದ ಹಿಂದೆ ಎಂಬ ಖಚಿತಾರ್ಥದಲ್ಲಿಯೂ 'ಇತ್ತೀಚೆಗೆ' ಎಂಬ ವಿಶಾಲಾರ್ಥದಲ್ಲಿಯೂ ಬಳಕೆಯಾಗುತ್ತದೆ. ವಾರಕ್ಕೆ 'ಎಂಟು ದಿನ', ಪಕ್ಷಕ್ಕೆ 'ಹದಿನೈದು ದಿನ' ಎನ್ನುವುದು ರೂಢಿ. ಸೋಮವಾರದಿಂದ ಮುಂದಿನ ಸೋಮವಾರದವರೆಗೆ ಎರಡೂ ತುದಿಗಳನ್ನು ಸೇರಿಸಿ ಎಣಿಸುವ ಕ್ರಮವಿದು. ಉತ್ತರಕ್ರಿಯೆಯ ಹನ್ನೊಂದನೆಯ ದಿನವನ್ನು ಲೆಕ್ಕಹಾಕುವಾಗಲೂ ಸಾಮಾನ್ಯವಾಗಿ ಮರಣದ ದಿನವೇ ಮೊದಲನೆಯ ದಿನವಾಗುತ್ತದೆ.

1990ರ ದಶಕದಲ್ಲಿ ಕರ್ನಾಟಕದ ಹಲವೆಡೆ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಯಲಾಗುತ್ತಿತ್ತು. ರಾತ್ರಿ ಬಂದು ಕರೆಯುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುರಾತ್ರಿ ಬಂದಾಗ ಮತ್ತೆ ಅದನ್ನೇ ಓದುತ್ತದೆ ಎಂಬುದು ನಂಬಿಕೆ. ಸಾಪೇಕ್ಷ ಕಾಲಸೂಚಿಯ ಸ್ವರೂಪವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ವಿರಳ. ಆಡಿದ 'ನಾಳೆ'ಗೆ ಆಡಿದ ದಿನ ಆಧಾರ. ಬಾಗಿಲ ಮೇಲಿನ 'ನಾಳೆ'ಗೆ ಬರೆದ ದಿನದ ಬಲವಿಲ್ಲ. ಓದುವ ದಿನವೇ ಅದರ ಆಧಾರವಾಗುವುದರಿಂದ ಆ ದಿನ ಎಂದಿಗೂ ಬರುವುದಿಲ್ಲ. ದಿನಾಂಕವಿಲ್ಲದ ಧ್ವನಿಸುರುಳಿಯಲ್ಲಿರುವ 'ನಾಳೆ'ಯ ಸ್ಥಿತಿಯೂ ಇದೇ.

3. ತಂತ್ರಾಂಶದ ಹಿನ್ನೆಲೆ

ಸಾಪೇಕ್ಷ ಮಾತನ್ನು ಗಣಕಕ್ಕೆ ತಿಳಿಸುವ ಯತ್ನಕ್ಕೂ ಒಂದು ಚರಿತ್ರೆಯಿದೆ. ಯುನಿಕ್ಸ್ ವ್ಯವಸ್ಥೆಗಳಲ್ಲಿ ಪ್ರಸಿದ್ಧವಾದ 'ಗೆಟ್‌ಡೇಟ್' ಎಂಬ ಕ್ರಮವಿಧಿಯನ್ನು ಮೊದಲು ಬರೆದವರು ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವನ್ ಬೆಲೋವಿನ್. 1990ರಲ್ಲಿ ರಿಚ್ ಸಾಲ್ಜ್ ಮತ್ತು ಜಿಮ್ ಬೆರೆಟ್ಸ್ ಅದನ್ನು ಪರಿಷ್ಕರಿಸಿದರು. ಇಂಗ್ಲಿಷಿನ ನಾಳೆ, ನಿನ್ನೆ, ಮುಂದಿನ, ಹಿಂದೆ ಎಂಬ ಪದಗಳನ್ನು ಅದು ಗ್ರಹಿಸುತ್ತದೆ. ಅಲ್ಲಿ ಪಕ್ಷವೆಂದರೆ ಹದಿನಾಲ್ಕು ದಿನ. ಇಂಗ್ಲಿಷಿನಲ್ಲಿ 'ಸೆಕೆಂಡ್' ಎಂಬ ಪದ ಎರಡನೆಯದು ಎಂಬ ಅರ್ಥವನ್ನೂ ಕಾಲದ ಕ್ಷಣವನ್ನೂ ಸೂಚಿಸುವುದರಿಂದ, ಮೊದಲ, ಮೂರನೆಯ ಎಂಬ ಕ್ರಮಸೂಚಕಗಳಿಗೆ ಎಡೆಯಿದ್ದರೂ ಎರಡನೆಯ ಎಂಬುದಕ್ಕೆ ಅಲ್ಲಿ ಎಡೆಯಿಲ್ಲ.

ಪಠ್ಯ ಸಂಪಾದಕಗಳಲ್ಲಿ ಇಮ್ಯಾಕ್ಸ್‌ನ ಉದಾಹರಣೆ ಉಪಯುಕ್ತ. 1976ರಲ್ಲಿ ಎಂ.ಐ.ಟಿ.ಯಲ್ಲಿ ರೂಪುಗೊಂಡ ಇದರ ಗ್ನೂ ಆವೃತ್ತಿ 1985ರಲ್ಲಿ ಬಂದಿತು. ಕಾರ್‌ಸ್ಟೆನ್ ಡೊಮಿನಿಕ್ ಅವರು 2003ರಲ್ಲಿ ಆರಂಭಿಸಿದ 'ಆರ್ಗ್' ಎಂಬ ಟಿಪ್ಪಣಿ ವ್ಯವಸ್ಥೆ 2007ರಲ್ಲಿ ಇಮ್ಯಾಕ್ಸ್‌ನ 22ನೆಯ ಆವೃತ್ತಿಯ ಭಾಗವಾಯಿತು. ಇದರಲ್ಲಿ ದಿನಾಂಕ ಕೇಳಿದಾಗ +4 ಎಂದು ಬರೆದರೆ ಇಂದಿನಿಂದ ನಾಲ್ಕನೆಯ ದಿನ ದೊರೆಯುತ್ತದೆ. ಮಾತು ಕೂಡಲೇ ನಿರಪೇಕ್ಷ ದಿನಾಂಕವಾಗಿ ಕಡತದಲ್ಲಿ ಉಳಿಯುತ್ತದೆ; ಮೂಲ ಮಾತು ಉಳಿಯುವುದಿಲ್ಲ.

4. ದೋಷಗಳ ಮೂಲ ಮತ್ತು ಪರಿಹಾರ

ಮೊದಲನೆಯ ದೋಷ ಆಧಾರ ದಿನಕ್ಕೆ ಸಂಬಂಧಿಸಿದ್ದು. ಧ್ವನಿಮುದ್ರಣ ಮಾರ್ಚ್ 10ರಂದು ನಡೆದು, ಅದರ ಲಿಪ್ಯಂತರ ಮಾರ್ಚ್ 25ರಂದು ಆಗುತ್ತಿದೆ ಎಂದಿಟ್ಟುಕೊಳ್ಳೋಣ. ಹಾಡುಗಾರರು ಖಚಿತಾರ್ಥದಲ್ಲಿ 'ಮೊನ್ನೆ' ಎಂದಾಗ ಲಿಪಿಕಾರರು -2 ಎಂದು ಬರೆದರೆ ಬರುವ ದಿನಾಂಕ ಮಾರ್ಚ್ 23. ಒಂಟಿ ಚಿಹ್ನೆ ಯಾವಾಗಲೂ ಬರೆಯುವ ದಿನದಿಂದ ಎಣಿಸುತ್ತದೆ. ಜೋಡಿ ಚಿಹ್ನೆಯಾದರೋ ಈಗಾಗಲೇ ನಮೂದಾಗಿರುವ ದಿನಾಂಕದಿಂದ ಎಣಿಸುತ್ತದೆ. ಮೊದಲು ಧ್ವನಿಮುದ್ರಣದ ದಿನಾಂಕವನ್ನು ನಮೂದಿಸಿ, ಅದರ ಮೇಲೆಯೇ --2 ಎಂದು ಬರೆದಾಗ ಮಾರ್ಚ್ 8 ದೊರೆಯುತ್ತದೆ.

ಎರಡನೆಯದು ದಿಕ್ಕಿನ ದೋಷ. ಅಪೂರ್ಣ ದಿನಾಂಕವನ್ನು ಆರ್ಗ್ ಮುಂಬರುವ ದಿನವೆಂದು ಗ್ರಹಿಸುತ್ತದೆ. ಕಾರ್ಯಯೋಜನೆಗೆ ಇದು ಸಹಜ. ಕ್ಷೇತ್ರಕಾರ್ಯದ ದಾಖಲೆಗಳಾದರೋ ಬಹುತೇಕ ಹಿಂದಿನವು. ಮಾರ್ಚ್ 25ರಂದು ಬರಿಯ 10 ಎಂದು ಬರೆದರೆ ಅದು ಏಪ್ರಿಲ್ 10 ಆಗುತ್ತದೆ. ಭವಿಷ್ಯವನ್ನು ಆಯ್ದುಕೊಳ್ಳುವ ಈ ಆಯ್ಕೆಯನ್ನು ನಿಲ್ಲಿಸಬಹುದು. ತಿಂಗಳನ್ನೂ ವರ್ಷವನ್ನೂ ಪೂರ್ಣವಾಗಿ ಬರೆಯುವುದು ಇನ್ನೂ ಸುರಕ್ಷಿತ.

ಮೂರನೆಯದು ಎಣಿಕೆಯ ದೋಷ. 'ಎಂಟು ದಿನ ಬಿಟ್ಟು' ಎಂಬುದನ್ನು +8 ಎಂದು ಬರೆದರೆ ವಾರ ತಪ್ಪುತ್ತದೆ, +7 ಸರಿಯಾದುದು. ಹನ್ನೊಂದನೆಯ ದಿನಕ್ಕೆ ಮರಣದ ದಿನದಿಂದ ++10 ಆಗಬೇಕು. ತಂತ್ರಾಂಶ ಆರಂಭದ ದಿನವನ್ನು ಬಿಟ್ಟು ಎಣಿಸುತ್ತದೆ, ಜನಪದರು ಅದನ್ನು ಸೇರಿಸಿ ಎಣಿಸುತ್ತಾರೆ.

ನಾಲ್ಕನೆಯದು ದಿನದ ಗಡಿ. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಗಣಕದ ದಿನ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ನೀಲಗಾರರು ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡುವಾಗ, ಎರಡು ಗಂಟೆಯ ವೇಳೆಗೆ ಬಂದ 'ಇವತ್ತು' ಎಂಬ ಮಾತು ಹಿಂದಿನ ಸಂಜೆ ಮೊದಲಾದ ದಿನಕ್ಕೇ ಸೇರುತ್ತದೆ. ಮಧ್ಯರಾತ್ರಿಯ ನಂತರವೂ ಇಂತಿಷ್ಟು ಗಂಟೆಯವರೆಗೆ ಹಿಂದಿನ ದಿನವೇ ಮುಂದುವರಿಯಲಿ ಎಂದು ಹೇಳುವ ಆಯ್ಕೆ ಆರ್ಗ್‌ನಲ್ಲಿದೆ. ಆದರೆ ಅದು ಎಲ್ಲ ಕಡೆಗೂ ಅನ್ವಯವಾಗುವುದಿಲ್ಲ.

ಐದನೆಯದು ತಿಂಗಳೆಂಬ ಮಾನ. ಗೆಟ್‌ಡೇಟ್ ಪರಂಪರೆಯ ಕ್ರಮವಿಧಿಗೆ 2003ರ ಜುಲೈ 31ರಿಂದ ಒಂದು ತಿಂಗಳು ಹಿಂದೆ ಎಂದರೆ ಜುಲೈ 1 ಬರಬಹುದು, ಏಕೆಂದರೆ ಜೂನ್ 31 ಎಂಬ ದಿನವಿಲ್ಲ. ಹಳ್ಳಿಯ ತಿಂಗಳು ಅಮಾವಾಸ್ಯೆಯಿಂದ ಅಮಾವಾಸ್ಯೆಗಾದರೆ ಯಾವ ಚಿಹ್ನೆಯೂ ನೆರವಿಗೆ ಬಾರದು, ಪಂಚಾಂಗವನ್ನೇ ನೋಡಬೇಕು.

ಈ ಎಲ್ಲ ದೋಷಗಳಿಗೂ ಸಾಮಾನ್ಯ ಪರೀಕ್ಷೆಯೊಂದಿದೆ. ಬರೆಯುತ್ತಿರುವಾಗಲೇ ತಂತ್ರಾಂಶ ತನ್ನ ಗ್ರಹಿಕೆಯನ್ನು ಪರದೆಯ ಕೆಳಭಾಗದಲ್ಲಿ ವಾರದ ಹೆಸರಿನೊಂದಿಗೆ ತೋರಿಸುತ್ತದೆ. ಹಾಡುಗಾರರು ಹೇಳಿದ ವಾರದೊಂದಿಗೆ ಅದು ಕೂಡದಿದ್ದರೆ ಅಲ್ಲಿಯೇ ನಿಲ್ಲಬೇಕು. ತಿಥಿ ವಾರಗಳನ್ನು ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳೊಂದಿಗೆ ತಾಳೆ ನೋಡಿ ಶಾಸನದ ಕಾಲವನ್ನು ಒಪ್ಪುವ ಕ್ರಮವೇ ಇದು.

5. ಉಪಸಂಹಾರ

ಪರಿವರ್ತನೆ ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 'ಮೊನ್ನೆ ಜಾತ್ರೆಯ ಮಾರನೇ ದಿನ' ಎಂಬ ಮಾತಿನಲ್ಲಿ ದಿನಾಂಕದ ಜೊತೆಗೆ, ಆ ಊರಿನ ಕಾಲವನ್ನು ಜಾತ್ರೆ ಅಳೆಯುತ್ತದೆಂಬ ಮಾಹಿತಿಯೂ ಇದೆ. ದಿನಾಂಕ ಮಾತ್ರ ಉಳಿದರೆ ಈ ಎರಡನೆಯದು ಅಳಿಯುತ್ತದೆ. ಲೆಕ್ಕ ತಪ್ಪಿದ್ದರೆ ಮೊದಲನೆಯದೂ ಇಲ್ಲ. ಆದ್ದರಿಂದ ಪ್ರತಿ ದಾಖಲೆಯಲ್ಲಿ ಆಡಿದ ಮಾತು, ಆಧಾರ ದಿನ, ಗಣಿಸಿದ ದಿನಾಂಕ ಎಂಬ ಮೂರು ಅಂಶಗಳು ಪ್ರತ್ಯೇಕವಾಗಿರಬೇಕು. 'ಮೊನ್ನೆ' ಸಡಿಲಾರ್ಥದಲ್ಲಿ ಬಂದಿದ್ದರೆ ಮೂರನೆಯ ಅಂಶವನ್ನು ಖಾಲಿ ಬಿಡುವುದೇ ಉಚಿತ. ಮಂಗಳೇಶನ ಶಾಸನ ಆಳ್ವಿಕೆಯ ವರ್ಷದ ಜೊತೆಗೆ ಶಕವರ್ಷವನ್ನೂ ಹೇಳಿದ್ದರಿಂದಲೇ ಎರಡನ್ನೂ ಪರಸ್ಪರ ಒರೆಗೆ ಹಚ್ಚಲು ಇಂದು ಸಾಧ್ಯವಾಗಿದೆ. ಅದೇ ಅನುಕೂಲವನ್ನು ನಮ್ಮ ಧ್ವನಿ ಸಂಗ್ರಹಗಳೂ ಮುಂದಿನವರಿಗೆ ಒದಗಿಸಬೇಕು.